ಹೆಸರು ಹೇಳಿದ ಕಿವಿ

ಕೊಪ್ಪಳ
ಫೆಬ್ರವರಿ ೩೦, ೨೧೯೪

ಹಿರಿಯರೇ,

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದ ಫೆಬ್ರವರಿಗೆ ಮೂವತ್ತು ದಿನ. ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಾನು ಗಿರಿಜವ್ವ, ನಿಮ್ಮ ಮರಿಮೊಮ್ಮಗಳ ಮೊಮ್ಮಗಳು.

ನಮ್ಮಲ್ಲಿ ಮಕ್ಕಳಿರುವ ಮನೆಗೆ ಹೋದವರು ಮೊದಲು 'ಕಿವಿಮುಟ್ಟು' ಮಾಡುತ್ತಾರೆ. ಅಂದರೆ ಮಗುವಿನ ಎರಡೂ ಕಿವಿಗಳ ಹಿಂದಿನ ಎಲುಬನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡುವುದು. ಬಾವು, ನೋವು ಇಲ್ಲದಿದ್ದರೆ ಮಗುವಿನ ಕೈಗೆ ಬೆಲ್ಲ ಕೊಡುತ್ತಾರೆ. ನಿಮ್ಮ ವೈದ್ಯರು ಮಾಸ್ಟಾಯ್ಡ್ ಎನ್ನುತ್ತಿದ್ದ ಎಲುಬು ಅದು. ಕಿವಿಯೊಳಗಿನ ಸೋಂಕು ಅಲ್ಲಿಗೆ ಇಳಿದರೆ ಕೀವು ತುಂಬಿ ಕಿವಿ ಮುಂದಕ್ಕೆ ಚಾಚಿಕೊಳ್ಳುತ್ತದೆ. ಹಾಗೇ ಬಿಟ್ಟರೆ ಮಿದುಳಿಗೂ ಏರುತ್ತದೆ. ಹೋದ ವಾರ ನನ್ನ ತಮ್ಮನ ಮಗಳು, ಆರು ವರ್ಷದ ಸಂಪಿಗೆಯ ಬಲಗಿವಿಯ ಹಿಂದೆ ಒತ್ತಿದೆ. ಚೀರಿಬಿಟ್ಟಳು. ಬೆಲ್ಲ ನನ್ನ ಕೈಯಲ್ಲೇ ಉಳಿಯಿತು.

ನಿಮ್ಮ ಕಾಲದಲ್ಲಾಗಿದ್ದರೆ ಆಸ್ಪತ್ರೆಗೆ ಸೇರಿಸಿ ನರಕ್ಕೆ ಆಂಟಿಬಯಾಟಿಕ್ ಕೊಡುತ್ತಿದ್ದರು, ಬೇಕಾದರೆ ಕೀವು ತೆಗೆಯುತ್ತಿದ್ದರು. ಹೆಚ್ಚಿನ ಮಕ್ಕಳು ಕಿವಿ ಉಳಿಸಿಕೊಂಡೇ ಮನೆಗೆ ಬರುತ್ತಿದ್ದರು. ಆ ಔಷಧಿಗಳನ್ನು ನಾವೀಗ 'ಸೋತಮದ್ದು' ಎನ್ನುತ್ತೇವೆ. ನೆಗಡಿಗೂ ಅವನ್ನೇ ನುಂಗಿದಿರಿ. ನೋವು ಹೋದೊಡನೆ, ಮೈಗೆ ಉಷ್ಣವೆಂದು ಅರ್ಧಕ್ಕೇ ನಿಲ್ಲಿಸಿ, ಉಳಿದದ್ದನ್ನು ಫ್ರಿಜ್ ಮೇಲಿನ ಡಬ್ಬಿಯಲ್ಲಿಟ್ಟು ಪಕ್ಕದ ಮನೆಯ ಮಗುವಿಗೂ ಕೊಟ್ಟಿರಿ. ಪ್ರೀತಿಯಿಂದಲೇ ಕೊಟ್ಟಿರಿ, ಅದಕ್ಕೇ ನನಗೆ ಇನ್ನಷ್ಟು ಸಂಕಟ. ರೋಗಾಣುಗಳು ಆ ಮದ್ದಿಗೆ ಜಗ್ಗದಂತೆ ಪಳಗಿಹೋದವು.

ಸಂಪಿಗೆಗೆ ಇದ್ದಬದ್ದ ಮದ್ದೆಲ್ಲ ಕೊಟ್ಟು ನೋಡಿದರು, ಒಂದೂ ನಾಟಲಿಲ್ಲ. ನಾಳೆ ಶಸ್ತ್ರಚಿಕಿತ್ಸೆ. "ಎಲುಬು ಕೊರದು ಕೀವು ತಗೀತೀವಿ, ಸೋಂಕು ಹತ್ತಿದ ಒಳಗಿವೀನೂ ತಗೀಬೇಕಾಗೈತಿ. ಜೀವ ಉಳಿಸಬಹುದು ಗಿರಿಜವ್ವಾ, ಆ ಕಿವಿ ಮಾತ್ರ ಇನ್ನ ಕೇಳಾಂಗಿಲ್ಲ" ಎಂದರು ಡಾಕ್ಟರ್ ರುಕಿಯಾ. ತೊಟ್ಟಿಲ ದಿನ ಸೋದರತ್ತೆಯಾಗಿ ನಾನು ಅವಳ ಹೆಸರು ಹೇಳಿದ್ದು ಅದೇ ಕಿವಿಯಲ್ಲಿ.

ನಿಮ್ಮನ್ನು ಬೈಯಲು ಕುಳಿತವಳು ಈಗ ಬೇಡಿಕೊಳ್ಳುತ್ತಿದ್ದೇನೆ. ಮಗುವಿನ ಕಿವಿಯ ಹಿಂದೆ ಬಾತರೆ ಎಣ್ಣೆ ಬಿಟ್ಟು ಕಾಯುತ್ತಾ ಕೂರಬೇಡಿ, ಅಂದೇ ಆಸ್ಪತ್ರೆಗೆ ಓಡಿ. ವೈದ್ಯರು ಹೇಳಿದಷ್ಟು ದಿನ ಮದ್ದು ಕೊಡಿ, ಉಳಿಸಿಟ್ಟು ಹಂಚಬೇಡಿ. ನಿಮಗೆ ಅದು ಎರಡು ಗುಳಿಗೆಯ ಮಾತು. ನಮಗೆ ಹಾಗಲ್ಲ.

ಸಂಪಿಗೆ ಕರೆಯುತ್ತಿದ್ದಾಳೆ. "ಅತ್ತೀ, ಈ ಕಿವ್ಯಾಗ ನನ್ನ ಹೆಸರು ಇನ್ನೊಂದ್ಸಲ ಹೇಳಬೇ, ನಾಳೆ ಕೇಳ್ಸಾಂಗಿಲ್ಲಂತ." ಹೋಗಿ ಹೇಳಿ ಬರುತ್ತೇನೆ.

ನಿಮ್ಮವಳೇ ಆದ
ಗಿರಿಜವ್ವ