ತೆಗ್ವೆನ್‌ಳ ಮಣ್ಣಿಗೆ ಮಗಳನ್ನು ಕಳಿಸದವರಿಗೆ

ಮಾನ್ಯ ಕಾರಾಗೃಹ ಅಧೀಕ್ಷಕರೇ,

ನಿಮ್ಮ ಜೈಲಿನ ಪ್ರಾರ್ಥನಾಮಂದಿರಕ್ಕೆ ಬೀಗ ಬಿದ್ದು ಮೂರು ಭಾನುವಾರ ಕಳೆದವು. ತಾಯಿಯನ್ನು ಕಳೆದುಕೊಂಡ ಒಬ್ಬ ಕೈದಿಯ ಜೊತೆ ಉಳಿದ ಹೆಂಗಸರು ಅಲ್ಲಿ ಅತ್ತರು, ಹಾಡಿದರು. ಅದಕ್ಕೆ ಈ ಶಿಕ್ಷೆ. ನಿಮ್ಮ ಕಚೇರಿ ನನಗೆ ಕಳಿಸಿದ ಉತ್ತರದಲ್ಲಿ ಆ ಅಳುವನ್ನು 'ಪೂರ್ವಾನುಮತಿಯಿಲ್ಲದ ಸ್ಮರಣಾ ಕಾರ್ಯಕ್ರಮ' ಎಂದು ಕರೆಯಲಾಗಿದೆ. ಅಳುವುದಕ್ಕೆ ಎಷ್ಟು ದಿನ ಮುಂಚಿತವಾಗಿ ಅರ್ಜಿ ಹಾಕಬೇಕೆಂಬುದನ್ನು ಮಾತ್ರ ತಿಳಿಸಿಲ್ಲ. ಖಾಸಗಿಯಾಗಿ ಬರೆದದ್ದಕ್ಕೆ ಸಿಕ್ಕಿದ್ದು ಇಷ್ಟೇ ಆದ್ದರಿಂದ ಈಗ ಎಲ್ಲರ ಮುಂದೆ ಬರೆಯುತ್ತಿದ್ದೇನೆ.

ನಾನು ಉತ್ತರ ವೇಲ್ಸಿನ ಒಂದು ಸಣ್ಣ ಊರಿನವಳು, ಹೆರಿಗೆ ಆಸ್ಪತ್ರೆಯಲ್ಲಿ ದಾದಿಯಾಗಿ ದುಡಿದು ನಿವೃತ್ತಳಾದವಳು. ನಮ್ಮ ನಾಡಿನಲ್ಲಿ ಹೆಂಗಸರಿಗೆಂದು ಒಂದು ಜೈಲೂ ಇಲ್ಲ. ನಮ್ಮ ಹೆಂಗಸರು ತಪ್ಪೇ ಮಾಡುವುದಿಲ್ಲ ಎಂದು ಯಾರೂ ಬೀಗಬೇಕಾಗಿಲ್ಲ. ಶಿಕ್ಷೆಯಾದವರನ್ನು ಗಡಿ ದಾಟಿಸಿ ಇಂಗ್ಲೆಂಡಿಗೆ, ನಿಮ್ಮಂಥವರ ಬಳಿಗೆ ಕಳಿಸುತ್ತಾರೆ. ಅವರ ಬೆನ್ನಿಗೆ, ನಮ್ಮ ಚರ್ಚಿನ ಹಳೆಯ ಬಸ್ಸಿನಲ್ಲಿ, ಪ್ರತಿ ಭಾನುವಾರ ನಾನೂ ಬರುತ್ತಿದ್ದೆ. ನಿಮ್ಮ ಜೈಲಿನ ಪಾದ್ರಿಯಮ್ಮ ಹಿಲರಿ ಪ್ರಾರ್ಥನೆ ನಡೆಸುತ್ತಿದ್ದರು. ನಾನು ವೆಲ್ಷ್ ಮಾತಾಡುವವರ ಪಕ್ಕ ಕೂತು ಅವರ ನುಡಿಯಲ್ಲಿ ಬೈಬಲ್ ಓದುತ್ತಿದ್ದೆ, ಆಮೇಲೆ ಚಹಾ ಬಗ್ಗಿಸುತ್ತಿದ್ದೆ.

ಹೆಲೆದ್ ನನಗೆ ಮತ್ತೆ ಸಿಕ್ಕಿದ್ದು ಅಲ್ಲಿಯೇ. ನಮ್ಮ ಊರಿನದೇ ಹುಡುಗಿ, ಇಪ್ಪತ್ತೊಂಬತ್ತರ ಪ್ರಾಯ. ಮೊದಲ ದಿನವೇ ಹೇಳಿಬಿಟ್ಟಿದ್ದಳು:

"ನಾನು ದೇವರಿಗೋಸ್ಕರ ಬಂದಿಲ್ಲ ಆಂಟಿ, ಬಿಸ್ಕತ್ತಿಗೆ ಬಂದಿದೀನಿ."

"ದೇವರಿಗೆ ಅಷ್ಟೆಲ್ಲ ಬಿಗುಮಾನ ಇಲ್ಲ ಕಣೆ," ಎಂದೆ. "ಎರಡು ತಗೋ."

ಅವಳು ಮಾಡಿದ್ದು ಸಣ್ಣ ತಪ್ಪಲ್ಲ, ಅದನ್ನು ಇಲ್ಲಿ ಮುಚ್ಚಿಡುವುದೂ ಇಲ್ಲ. ವೃದ್ಧಾಶ್ರಮದಲ್ಲಿ ಕೆಲಸಕ್ಕಿದ್ದಳು. ಮಾತ್ರೆಗಳ ಚಟ ಹತ್ತಿಸಿಕೊಂಡು ಅಲ್ಲಿನ ಮುದುಕರ ನೋವಿನ ಮಾತ್ರೆಗಳನ್ನೇ ಕದ್ದು ನುಂಗಿದಳು. ಮಾತ್ರೆಯಿಲ್ಲದೆ ನರಳಿದವರಲ್ಲಿ ಐವರ್ ಒಬ್ಬರು. ಬೆನ್ನುಮೂಳೆ ಸವೆದ ಆ ಮನುಷ್ಯ ಎಷ್ಟೋ ರಾತ್ರಿ ಹಲ್ಲು ಕಚ್ಚಿಕೊಂಡು ಮಲಗಿದ್ದರು. ಅವರು ನಮ್ಮ ಚರ್ಚಿನವರು. ಹೆಲೆದ್‌ಳ ತಾಯಿ ತೆಗ್ವೆನ್ ಕೂಡ. ಒಂದೇ ಊರು, ಒಂದೇ ಬಾಗಿಲು, ಒಂದೇ ಹಾಡಿನ ಪುಸ್ತಕ. ಮಗಳಿಗೆ ಶಿಕ್ಷೆಯಾದ ಮೇಲೆ ತೆಗ್ವೆನ್ ತನ್ನ ಮಾಮೂಲಿ ಜಾಗ ಬಿಟ್ಟು ಕಟ್ಟಕಡೆಯ ಬೆಂಚಿಗೆ ಹೋಗಿ ಕೂತಳು. ನಾನು ಜೈಲಿಗೆ ಕರೆದಾಗಲೆಲ್ಲ ಒಂದೇ ಮಾತು:

"ಯಾವ ಮುಖ ಇಟ್ಕೊಂಡು ಹೋಗ್ಲಿ ಮೆರೆರಿಡ್? ಐವರ್ ಎದುರಿಗೆ ಬಂದ್ರೆ ನನಗೆ ನೆಲ ನೋಡೋ ಹಾಗಾಗುತ್ತೆ."

ಎರಡು ವರ್ಷ ಹೀಗೇ ಕಳೆಯಿತು. ಇತ್ತ ಬಿಸ್ಕತ್ತಿಗೆ ಬಂದವಳು ನಿಧಾನವಾಗಿ ಕೀರ್ತನೆಗಳಿಗೆ ಕಿವಿಗೊಟ್ಟಳು. ತಾಯಿಯ ನುಡಿಯಲ್ಲಿ ಅವನ್ನು ಕೇಳುವಾಗ ತಾಯಿಯೇ ಓದಿದ ಹಾಗಾಗುತ್ತದೆ ಎಂದಳು. ಆಮೇಲೊಂದು ದಿನ, ಯಾರೂ ಹೇಳಿಕೊಡದೆ, ಐವರ್ ಹೆಸರು ಹಿಡಿದು ಪ್ರಾರ್ಥಿಸಿದಳು. ಚಿಕಿತ್ಸೆಗೆ ಸೇರಿದಳು, ಚಟ ಬಿಟ್ಟಳು. ಅಪರಾಧಿಗಳ ಸುಧಾರಣೆ ನಿಮ್ಮ ಫಲಕದಲ್ಲಿ ಬರೆದಿರುವ ಗುರಿಯಲ್ಲವೇ? ಅದು ಎಲ್ಲಿ ನಡೆಯುತ್ತಿತ್ತು ಎಂದು ಯಾವಾಗಲಾದರೂ ಇಣುಕಿ ನೋಡಿದ್ದೀರಾ?

ಈ ವಸಂತದಲ್ಲಿ ತೆಗ್ವೆನ್ ತಾನಾಗಿ ನನ್ನ ಮನೆಗೆ ಬಂದು, "ಮುಂದಿನ ತಿಂಗಳು ಬಸ್ಸಲ್ಲಿ ನನಗೊಂದು ಸೀಟು ಇಡು," ಎಂದಳು. ಸುದ್ದಿ ತಿಳಿಸಿದ ಮೇಲೆ ಹೆಲೆದ್ ಪಕ್ಕದ ಕೋಣೆಯ ವಿನ್ನಿಯ ಕೈಲಿ ಕೂದಲು ಕತ್ತರಿಸಿಕೊಂಡಳು. ವಿನ್ನಿ ಐರಿಷ್ ಅಲೆಮಾರಿ ಕುಟುಂಬದವಳು, ಏಳು ಮಕ್ಕಳ ತಾಯಿ, ಬಾಯಿ ಜೋರು. "ನಿಮ್ಮಮ್ಮ ಗುರುತು ಹಿಡೀದೇ ವಾಪಸ್ ಹೋಗ್ತಾಳೆ ನೋಡು," ಎಂದು ಕಾಡಿಸಿದಳಂತೆ.

ತೆಗ್ವೆನ್ ಬರಲಾಗಲಿಲ್ಲ. ಹೊಟ್ಟೆನೋವೆಂದು ಆಸ್ಪತ್ರೆಗೆ ಹೋದವಳಿಗೆ ಕ್ಯಾನ್ಸರ್ ಎಂದರು. ಕೆಲವೇ ವಾರಗಳ ಮಾತು ಎಂದರು. ತಾಯಿಯನ್ನು ಒಮ್ಮೆ ನೋಡಲು ಬಿಡಿ ಎಂದು ಹೆಲೆದ್ ಅರ್ಜಿ ಕೊಟ್ಟಳು. 'ಪರಿಶೀಲನೆಯಲ್ಲಿದೆ' ಎಂಬ ನಿಮ್ಮ ಉತ್ತರ ಅವಳ ಕೈಸೇರುವ ಹೊತ್ತಿಗೆ ತೆಗ್ವೆನ್ ತೀರಿಕೊಂಡಿದ್ದಳು.

ಮಣ್ಣಿಗೆ ಹೋಗಲು ಮಾತ್ರ ನೀವು ಅನುಮತಿ ಕೊಟ್ಟಿರಿ. ಅದನ್ನು ಮರೆಮಾಚುವುದಿಲ್ಲ, ನಿಮ್ಮದೇ ಸಹಿಯಿತ್ತು. ಆ ಬೆಳಿಗ್ಗೆ ವಿನ್ನಿ ಕೊಟ್ಟ ಕಪ್ಪು ಕೋಟು ತೊಟ್ಟು ಹೆಲೆದ್ ಹೊರಬಾಗಿಲ ಬಳಿಯ ಕೋಣೆಯಲ್ಲಿ ಕೂತಳು. ಗಾಡಿ ಬರಲಿಲ್ಲ. ಬೆಂಗಾವಲಿಗೆ ಸಿಬ್ಬಂದಿ ಸಾಲದು ಎಂದು ಹೇಳಲಿಕ್ಕೂ ಮಧ್ಯಾಹ್ನದವರೆಗೆ ಯಾರೂ ಬರಲಿಲ್ಲ. ಬಂದವರು ಅಷ್ಟನ್ನೇ ಹೇಳಿ, ಕೋಟು ಬಿಚ್ಚಿಸಿ, ಒಳಗೆ ಕಳಿಸಿದರು.

ಇತ್ತ ನಾವು ಸ್ಮಶಾನದಲ್ಲಿ ಕಾಯುತ್ತಿದ್ದೆವು. ನಮ್ಮ ಪಾದ್ರಿ ಒಂದು ಹಾಡು ಹೆಚ್ಚಿಗೆ ಹಾಡಿಸಿದರು, ಮತ್ತೊಂದು ಹಾಡಿಸಿದರು. ಚಕ್ರದ ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತಿದ್ದ ಐವರ್ ನನ್ನ ತೋಳು ಜಗ್ಗಿದರು.

"ಹುಡುಗಿ ಬಂದ್ಲಾ?"

"ಇನ್ನೂ ಇಲ್ಲ ಐವರ್. ಚಳಿ ಇದೆ, ನೀವು ಒಳಗೆ ಹೋಗಿ."

"ಕಾಯೋಣ ಬಿಡು. ನನಗೇನೂ ಅವಸರ ಇಲ್ಲ. ತೆಗ್ವೆನ್‌ಗಂತೂ ಇಲ್ಲವೇ ಇಲ್ಲ."

ಯಾರ ನೋವಿಗಾಗಿ ಸರ್ಕಾರ ಅವಳನ್ನು ಜೈಲಿಗೆ ಹಾಕಿದೆಯೋ ಆ ಮನುಷ್ಯ ಗಾಳಿಯಲ್ಲಿ ನಡುಗುತ್ತ ಅವಳ ದಾರಿ ನೋಡಿದರು. ಅವರ ಪರವಾಗಿ ಬೀಗದ ಕೈ ಹಿಡಿದಿರುವ ನಿಮಗೆ ಒಂದು ಗಾಡಿ ಹೊರಡಿಸಲಾಗಲಿಲ್ಲ. ಕೊನೆಗೆ ಪೆಟ್ಟಿಗೆ ಇಳಿಸಿದೆವು. ಮಗಳ ಪಾಲಿನ ಹಿಡಿ ಮಣ್ಣನ್ನು ಹಾಕಿದ್ದು ಐವರ್.

ಆ ಭಾನುವಾರ ಹೆಲೆದ್ ಮಂದಿರಕ್ಕೆ ಬಂದು ಕೂತಳು. ಅಳಲಿಲ್ಲ, ಹಾಡಲಿಲ್ಲ. ಹಿಲರಿ ಉಪದೇಶಕ್ಕೆ ಎದ್ದಾಗ ವಿನ್ನಿಯೂ ಎದ್ದು ನಿಂತಳು.

"ಇವತ್ತು ಉಪದೇಶ ಬೇಡ ಪಾದ್ರಿಯಮ್ಮ. ಇವಳಮ್ಮನ್ನ ನಾವೇ ಕಳಿಸಿಕೊಡೋಣ."

ಹಿಲರಿ ತಮ್ಮ ಕಾಗದ ಮಡಚಿದರು. ಹೆಲೆದ್ ನನ್ನತ್ತ ತಿರುಗಿ ಕೇಳಿದಳು, "ಅಮ್ಮ ಕೊನೇಲಿ ಏನಾದ್ರೂ ಹೇಳಿದ್ಲಾ ಆಂಟಿ?"

"ಹೇಳಿದ್ಲು. 'ನಾನು ಬರೋಕೆ ಹೊರಟಿದ್ದೆ ಅಂತ ಹೆಲೆದ್‌ಗೆ ಹೇಳು' ಅಂದ್ಲು."

ಆಗ ಅವಳ ಗಂಟಲಿಂದ ಹೊರಟ ದನಿಯನ್ನು ನಾನು ಹೆರಿಗೆ ಕೋಣೆಗಳಲ್ಲೂ ಕೇಳಿರಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಬಂದು ಅವಳ ಮೇಲೆ ಕೈಯಿಟ್ಟರು. ಕೊಲೆ ಮಾಡಿದವಳೂ ಇದ್ದಳು, ಅಂಗಡಿಯಲ್ಲಿ ಕದ್ದವಳೂ ಇದ್ದಳು. ನಾನು ನಮ್ಮ ಊರಿನಲ್ಲಿ ಮಣ್ಣಿನ ಹೊತ್ತು ಹಾಡುವ ಹಾಡು ಎತ್ತಿಕೊಂಡೆ. ಒಂದು ಪದವೂ ಗೊತ್ತಿಲ್ಲದವರು ಬರೀ ದನಿ ಕೂಡಿಸಿದರು. ಹಾಡು ನಿಂತ ಮೇಲೆ ಹೆಲೆದ್ ಕಣ್ಣು ಮುಚ್ಚಿ ಹೇಳಿದಳು:

"ದೇವರೇ, ಐವರ್ ತಾತನ ಮಾತ್ರೆ ಕದ್ದವಳು ನಾನು. ಅಮ್ಮ ಏನೂ ಮಾಡಿಲ್ಲ. ನನ್ನಿಂದ ಅವಳು ಕೊನೇ ಬೆಂಚಲ್ಲಿ ಕೂತ್ಲು. ನಿನ್ನ ಹತ್ರ ಅವಳನ್ನ ಮುಂದೆ ಕೂರಿಸ್ಕೋ."

ಇದೇ ಆ ಕಾರ್ಯಕ್ರಮ ಸ್ವಾಮಿ. ಇದರಿಂದ ಹೆಂಗಸರು ಕೋಣೆಗಳಿಗೆ ಮರಳುವುದು ಅರ್ಧ ಗಂಟೆ ತಡವಾಯಿತು. ಬಾಗಿಲಲ್ಲಿದ್ದ ಕಾವಲಿನ ಹೆಣ್ಣುಮಗಳು ಗಡಿಯಾರ ನೋಡಿದಳು, ಹೆಲೆದ್‌ಳನ್ನು ನೋಡಿದಳು, ತಡೆಯಲಿಲ್ಲ. ಅವಳಿಗೂ ನೋಟಿಸು ಹೋಯಿತಂತೆ. ಗಾಡಿ ಬಾರದೇ ಹೋದರೆ ಅದು 'ಸಿಬ್ಬಂದಿ ಕೊರತೆ'. ಹೆಂಗಸರು ಅರ್ಧ ಗಂಟೆ ತಡಮಾಡಿದರೆ 'ಭದ್ರತಾ ಲೋಪ'. ಒಂದಕ್ಕೆ ವಿಷಾದ, ಇನ್ನೊಂದಕ್ಕೆ ಬೀಗ. ನಿಮ್ಮ ತಕ್ಕಡಿಯನ್ನು ಯಾರು ಮಾಡಿಕೊಟ್ಟರು?

ಪ್ರಾರ್ಥನೆಗೆ ಬರುವ ಪಾಸು ಈಗ ನನಗಿಲ್ಲ. ಹೋದ ವಾರ ಉಳಿದ ಬಂಧುಗಳಂತೆ ಸಾಲಿನಲ್ಲಿ ನಿಂತು ಹೆಲೆದ್‌ಳನ್ನು ನೋಡಿದೆ. ಕೆನ್ನೆ ಇಳಿದುಹೋಗಿದೆ. "ಕೋಣೇಲೇ ಪ್ರಾರ್ಥನೆ ಮಾಡ್ಕೊಳ್ತೀವಿ ಆಂಟಿ. ಅದಕ್ಕೆ ಬೀಗ ಹಾಕಕ್ಕಾಗಲ್ಲ," ಎಂದಳು. ನಾನು ಏಳುವಾಗ, "ಆದ್ರೆ ನನ್ನಿಂದ ಎಲ್ರಿಗೂ ಭಾನುವಾರ ಹೋಯ್ತಲ್ಲ," ಎಂದಳು. ನನ್ನನ್ನು ಈ ಪತ್ರಕ್ಕೆ ಕೂರಿಸಿದ್ದು ಆ ಮಾತು. ತನ್ನ ತಪ್ಪನ್ನು ಹೊರಲು ಆಗತಾನೇ ಕಲಿತಿದ್ದವಳ ತಲೆಯ ಮೇಲೆ ನೀವು ನಿಮ್ಮ ತಪ್ಪನ್ನೂ ಹೊರಿಸಿದ್ದೀರಿ.

ಆದ್ದರಿಂದ ನನ್ನ ಬೇಡಿಕೆ. ಮಂದಿರದ ಬಾಗಿಲು ಈ ಭಾನುವಾರವೇ ತೆರೆಯಬೇಕು. ಗಾಡಿ ಬಾರದ್ದು ಏಕೆಂದು ನೀವೇ ಹೆಲೆದ್‌ಳ ಎದುರು ಕೂತು, ನಿಮ್ಮ ಬಾಯಿಂದ ಹೇಳಬೇಕು. ಮತ್ತೆ, ಸೆಪ್ಟೆಂಬರಿನ ಮೊದಲ ಶನಿವಾರ ತೆಗ್ವೆನ್‌ಳ ಸಮಾಧಿಗೆ ಕಲ್ಲು ನಿಲ್ಲಿಸುತ್ತೇವೆ. ಅಂದು ಹೆಲೆದ್‌ಳನ್ನು ಒಂದು ಗಂಟೆಯ ಮಟ್ಟಿಗೆ ಕಳಿಸಿಕೊಡಬೇಕು. ಬೆಂಗಾವಲಿಗೆ ಜನ ಸಾಲದಿದ್ದರೆ, ಕೈಕೋಳದ ಇನ್ನೊಂದು ತುದಿಯನ್ನು ನನ್ನ ಕೈಗೆ ಹಾಕಿ.

ಇಂತಿ,
ಹುಟ್ಟಿದ ದಿನ ಹೆಲೆದ್‌ಳನ್ನು ತಾಯಿಯ ಕೈಗೆ ಕೊಟ್ಟವಳು,
ಮೆರೆರಿಡ್ ಪ್ಯೂ