ಅಪ್ಪನ ಬಟ್ಟಲು ಖಾಲಿಯಾಗುವವರೆಗೆ

ತಾರೀಖು ಹದಿನಾಲ್ಕು, ಮಧ್ಯಾಹ್ನ
ಅಪ್ಪನ ಬೀಗದ ಅಂಗಡಿಯ ಹಿಂದಿನ ಕೋಣೆ

ಅಕ್ಕಾ,

ಜಗಳ ಬಾಕಿ ಇಟ್ಟುಕೊಂಡೇ ಬರೆಯುತ್ತಿದ್ದೇನೆ. ನೀನು ಕಾರ್ಖಾನೆಯಲ್ಲಿ ಮೇಲ್ವಿಚಾರಕಿಯಾದ ದಿನ ಊಟದ ಮೇಜಿನಲ್ಲಿ ನಿನ್ನನ್ನು ಮಾಲೀಕರ ಬಾಲ ಎಂದೆ. ನೀನು ತಟ್ಟೆ ಬಿಟ್ಟು ಎದ್ದೆ. ಆಮೇಲೆ ಆಸ್ಪತ್ರೆಗೆ ಬಂದೆಯೇ ಹೊರತು ಮನೆಗೆ ಬರಲಿಲ್ಲ. ಅದು ಹಾಗಿರಲಿ. ಇದು ಅಪ್ಪನ ವಿಷಯ.

ಗಂಟಲಿನ ಗಡ್ಡೆ ಹೋಯಿತೆಂದು ಡಾಕ್ಟರು ಹೇಳಿದ್ದು ನಿನಗೆ ಗೊತ್ತು. ಗೊತ್ತಿಲ್ಲದ್ದು ಆಮೇಲಿನದು. ವಿಕಿರಣ ಚಿಕಿತ್ಸೆಯಿಂದ ಒಳಗಿನ ಸ್ನಾಯುಗಳು ಬಿಗಿದುಕೊಂಡಿವೆ, ಬಾಯಲ್ಲಿ ಜೊಲ್ಲೇ ಇಲ್ಲ. ನೀರು ಕೂಡ ದಾರಿ ತಪ್ಪಿ ಶ್ವಾಸನಾಳದ ಕಡೆ ಹೊರಡುತ್ತದೆ. ಕೀ ಸರಿಯಾಗೇ ಇದೆ, ಸ್ಪ್ರಿಂಗು ಬಿಗಿ ಎನ್ನುತ್ತಾರೆ ಅಪ್ಪ. ಹೊಟ್ಟೆಗೆ ಹಾಕಿದ ಕೊಳವೆಯಲ್ಲೇ ಹೆಚ್ಚಿನ ಆಹಾರ. ನುಂಗುವ ತರಬೇತಿ ಕೊಡುವ ಚಿಕಿತ್ಸಕಿ ಖಡಾಖಂಡಿತವಾಗಿ ಹೇಳಿದ್ದಾರೆ: ದಿನವೂ ನುಂಗದಿದ್ದರೆ ಗಂಟಲು ನುಂಗುವುದನ್ನೇ ಮರೆಯುತ್ತದೆ. ಮುಂದಿನ ತಪಾಸಣೆಯೊಳಗೆ ಬಾಯಿಂದ ಊಟ ಹೆಚ್ಚದಿದ್ದರೆ ಕೊಳವೆ ತೆಗೆಯುವುದಿಲ್ಲ.

ಅವರು ಕೊಟ್ಟ ಕರಪತ್ರವನ್ನು ಬಾಯಿಪಾಠ ಮಾಡಿದೆ. ನಗು, ಪರವಾಗಿಲ್ಲ. ಗದ್ದ ಎದೆಗೆ ಬಾಗಿಸಿ ನುಂಗಬೇಕು, ಒಂದು ತುತ್ತಿಗೆ ಎರಡು ಸಲ ನುಂಗಬೇಕು, ಊಟದ ವೇಳೆ ಮಾತು ಬೇಡ. ಈ ಕೊನೆಯದನ್ನು ಮನೆಗೆಲ್ಲ ಕಾನೂನು ಮಾಡಿದೆ. ರೇಡಿಯೋ ಬಂದ್. ಅಮ್ಮ ಪಕ್ಕದ ಮನೆಯ ಸುದ್ದಿ ತೆಗೆದರೆ ಕಣ್ಣು ಬಿಡುತ್ತಿದ್ದೆ. ಜಗಳವಾಡದೆ ಒಂದು ತುತ್ತೂ ಇಳಿಯದ ಮನೆ ನಮ್ಮದು, ಯೋಚಿಸು.

ಆ ಮೌನದಲ್ಲಿ ಅಪ್ಪನ ಒಂದೊಂದು ಗುಟುಕೂ ಕೇಳುತ್ತಿತ್ತು. ಅವರು ಕೆಮ್ಮಿದರೆ ಅಮ್ಮನ ಕೈ ತಟ್ಟೆಯಲ್ಲೇ ನಿಲ್ಲುತ್ತಿತ್ತು. ನಾನು ಅವರ ಕೊರಳನ್ನೇ ನೋಡುತ್ತಿದ್ದೆ, ಇಳಿಯಿತೇ, ಇಲ್ಲವೇ ಎಂದು. ಅಪ್ಪ ಅರ್ಧಕ್ಕೇ ಬಟ್ಟಲು ಸರಿಸತೊಡಗಿದರು. ಆಮೇಲೆ ಮೇಜಿಗೆ ಬರುವುದನ್ನೇ ಬಿಟ್ಟರು. ಹಸಿವಿಲ್ಲ, ಕೊಳವೆಯಲ್ಲೇ ಹಾಕು ಎಂದರು. ನಾನು ಇಚ್ಛಾಶಕ್ತಿಯ ಬಗ್ಗೆ ಭಾಷಣ ಬಿಗಿದೆ. ಅವರು ಕೈಯಲ್ಲಿದ್ದ ಬೀಗವನ್ನು ಕೆಳಗಿಟ್ಟರು.

"ನೀವಿಬ್ರೂ ನನ್ನ ಗಂಟಲಿಗೆ ಕಿವಿ ಕೊಟ್ಟು ಕೂತ್ರೆ ಅದು ತೆರೆಯೋದು ಹೇಗಮ್ಮಾ? ಗಿರಾಕಿ ಬಗ್ಗಿ ನೋಡ್ತಾ ನಿಂತ್ರೆ ನಂಗೆ ಬೀಗಾನೂ ತೆರೆಯೋಕಾಗಲ್ಲ."

ಚಿಕಿತ್ಸಕಿಯನ್ನು ಕೇಳಿದೆ. ತುತ್ತು ಬಾಯಲ್ಲಿರುವಾಗ ಅಪ್ಪ ಮಾತಾಡಬಾರದು, ನಗಬಾರದು, ಅಷ್ಟೇ. ನಿಮ್ಮ ಬಾಯಿಗಳಿಗೆ ಬೀಗ ಜಡಿಯಲು ಯಾರು ಹೇಳಿದರು ಎಂದರು.

ಅಂದು ಸಂಜೆ ಅಮ್ಮನ ಮೇಲೆ ಬೇಕೆಂದೇ ಕಾಲು ಕೆರೆದು ಜಗಳಕ್ಕೆ ಹೋದೆ. ಅಡುಗೆಮನೆಯ ದುಡಿಮೆಗೂ ಕೂಲಿ ಸಿಗಬೇಕು ಎಂದೆ. "ಕ್ರಾಂತಿ ಆಮೇಲೆ ಮಾಡೋವಂತೆ, ಮೊದಲು ಮಿಕ್ಸಿ ತೊಳಿ," ಎಂದಳು. ಅಲ್ಲಿಂದ ಹತ್ತಿಕೊಂಡಿತು. ಅಪ್ಪ ಬಂದು ಕುಳಿತದ್ದನ್ನು ಇಬ್ಬರೂ ಗಮನಿಸಲಿಲ್ಲ. ನೋಡುವಷ್ಟರಲ್ಲಿ ಅರೆದ ಕುಂಬಳಕಾಯಿಯ ಬಟ್ಟಲಿನ ತಳ ಕಾಣುತ್ತಿತ್ತು. ನಾವು ಸುಮ್ಮನಾದೆವು. ಗದ್ದ ಬಾಗಿಸಿಕೊಂಡೇ ಅವರು, ನಿಲ್ಲಿಸಬೇಡಿ ಎಂದು ಚಮಚದಲ್ಲಿ ಸನ್ನೆ ಮಾಡಿದರು.

ಆದರೆ ಅಮ್ಮ ಬೇಗ ಸೋಲುತ್ತಾಳೆ. ಹೂಂ, ನೀನೇ ಜಾಣೆ ಎಂದು ಎದ್ದುಬಿಡುತ್ತಾಳೆ. ಮತ್ತೆ ಮೌನ, ಅಪ್ಪನ ಚಮಚವೂ ನಿಲ್ಲುತ್ತದೆ. ನನಗೆ ಸರಿಸಮವಾದ ಜಗಳಗಂಟಿ ಈ ಮನೆಯಲ್ಲಿ ಒಬ್ಬಳೇ ಇದ್ದಳು. ಭಾನುವಾರ ಊಟಕ್ಕೆ ಬಾ. ನಿನ್ನ ಕುರ್ಚಿಯ ಮೇಲಿದ್ದ ನನ್ನ ಪುಸ್ತಕದ ಕಟ್ಟುಗಳನ್ನು ತೆಗೆದಿದ್ದೇನೆ. ಕ್ಷಮೆ ಕೇಳುತ್ತಿಲ್ಲ, ಕೇಳಿದರೆ ಜಗಳಕ್ಕೆ ವಿಷಯವೇ ಉಳಿಯುವುದಿಲ್ಲ.

ನೀನೇ ಅಡ್ಡಹೆಸರಿಟ್ಟ,
ಕರಪತ್ರ

ತಾ.ಕ.: ರಾತ್ರಿ ಪಾಳಿಯ ಹೆಂಗಸರಿಗೆ ಮನೆವರೆಗೆ ವಾಹನ ಕೊಡಿಸಿದ್ದು ನೀನೇ ಎಂದು ನಿಮ್ಮ ಕಾರ್ಖಾನೆಯಲ್ಲಿ ಹೊಲಿಯುವವಳೊಬ್ಬಳು ಹೇಳಿದಳು. ಮೇಲ್ವಿಚಾರಕಿಯ ಕುರ್ಚಿಯಲ್ಲಿ ಕೂತು ಮಾಡಬಹುದಾದ ಕೆಲಸವೂ ಇದೆ ಎಂದು ಅಂದು ನೀನು ಹೇಳಿದ್ದೆಯಲ್ಲ, ನೀನೇ ಸರಿ. ಇದನ್ನು ಕಾಗದದಲ್ಲಿ ಮಾತ್ರ ಒಪ್ಪುತ್ತೇನೆ. ಮೇಜಿನಲ್ಲಿ ಕೇಳಿದರೆ ಖಂಡಿತ ಇಲ್ಲವೆನ್ನುತ್ತೇನೆ. ಅಪ್ಪನ ಬಟ್ಟಲು ಖಾಲಿಯಾಗುವವರೆಗೆ ನೀನೂ ಸೋಲಬೇಡ.