ಪಾರವ್ವನ ಜೋಳದ ಡ್ರಮ್ಮು

ಘನತ್ಯಾಜ್ಯ ವಿಭಾಗದ ಮಾನ್ಯ ಅಧಿಕಾರಿಗಳೇ,

ನಮ್ಮ ಡ್ರಮ್ಮು ವಾಪಸ್ಸು ಕೊಡಿ. ಇದೇ ಮಾತನ್ನು ಮರಾಠಿಯಲ್ಲಿ ಬರೆದುಕೊಟ್ಟೆ, ತಾವು ಓದಲಿಲ್ಲ. ಇಂಗ್ಲಿಷಿನಲ್ಲಿ ಬರೆದೆ, ಅದನ್ನೂ ಓದಲಿಲ್ಲ. ಓದದೇ ಇರುವುದಕ್ಕೆ ಯಾವ ಭಾಷೆಯಾದರೇನು? ಡೊಂಬಿವಲಿಯ ನಾಲ್ಕು ಜನ ಕನ್ನಡಿಗರಾದರೂ ಓದಲಿ ಎಂದು ಈಗ ನಮ್ಮ ಸಂಘದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಹೋದ ವರ್ಷ ತಮ್ಮ ಅಪ್ಪಣೆಯಾಯಿತು: ಪ್ರತಿ ಹೌಸಿಂಗ್ ಸೊಸೈಟಿಯೂ ಹಸಿ ಕಸವನ್ನು ತನ್ನ ಸ್ವಂತ ಡ್ರಮ್ಮಿನಲ್ಲೇ ಗೊಬ್ಬರ ಮಾಡತಕ್ಕದ್ದು. ನಮ್ಮ ಮೀಟಿಂಗಿನಲ್ಲಿ ಎಲ್ಲರೂ ಒಪ್ಪಿದರು, ಎಲ್ಲರೂ ಚಹಾ ಕುಡಿದರು. ಡ್ರಮ್ಮು ಯಾರು ತರಬೇಕು ಎಂದಾಗ ಮಾತ್ರ ಎಲ್ಲರಿಗೂ ಲೋಕಲ್ ಟ್ರೇನಿಗೆ ಹೊತ್ತಾಯಿತು. ಆಗ ಎದ್ದವರು ನೆಲಮಹಡಿಯ ಪಾರವ್ವ. ಬಾಗಲಕೋಟೆ ಕಡೆಯ ಈ ಹಿರಿಯರು ಮದುವೆಯಾಗಿ ಬಂದಾಗಿನಿಂದ ವರ್ಷದ ಜೋಳವನ್ನು ಊರಿಂದ ತರಿಸಿ, ಬೇವಿನೆಲೆ ಹಾಕಿ, ತಗಡಿನ ಡ್ರಮ್ಮಿನಲ್ಲಿ ತುಂಬಿಡುತ್ತಿದ್ದರು. ಸೊಸೆ ಪ್ಯಾಕೆಟ್ ಹಿಟ್ಟು ತರಲು ಶುರುಮಾಡಿದ ಮೇಲೆ ಅದು ಬರಿದಾಗಿ ಮೂಲೆ ಸೇರಿತ್ತು.

"ಜ್ವಾಳ ತುಂಬ್ತಿದ್ದೆ, ಈಗ ಸಿಪ್ಪಿ ತುಂಬ್ರಿ. ಖಾಲಿ ಕುಂತದ್ದು ನನಗ ನೋಡಾಕ ಆಗವಲ್ದು," ಎಂದರು. ನಾವು ಗಾಳಿಯಾಡಲೆಂದು ಅದಕ್ಕೆ ತೂತು ಕೊರೆಸಿದೆವು.

ಗೊಬ್ಬರವಾಯಿತು, ಮಾನ್ಯರೇ! ಮೂಗು ಮುಚ್ಚಿಕೊಂಡು ಮುಚ್ಚಳ ತೆಗೆದವಳು ನಾನೇ. ನಾತದ ಸುಳಿವೂ ಇರಲಿಲ್ಲ. ಸುದ್ದಿ ತಮ್ಮ ಕಿವಿಗೂ ಬಿತ್ತು. ಸಿಬ್ಬಂದಿ ಬಂದು, ಡ್ರಮ್ಮಿನ ಜೊತೆ ಫೋಟೊ ತೆಗೆಸಿಕೊಂಡು, ಸ್ವಚ್ಛತಾ ಪ್ರದರ್ಶನಕ್ಕೆಂದು ಅದನ್ನು ಟೆಂಪೋಗೆ ಏರಿಸಿದರು. "ಆಜಿ, ದೋನ್ ದಿವಸಾತ್ ಪರತ್ ದೇತೋ," ಎಂದು, ಎರಡೇ ದಿನದಲ್ಲಿ ವಾಪಸ್ಸು ತರುವುದಾಗಿ ಪಾರವ್ವನಿಗೆ ಮಾತು ಕೊಟ್ಟರು. ಒಂದು ಮಳೆಗಾಲವೇ ಮುಗಿದಿದೆ, ಆ ಎರಡು ದಿನ ಇನ್ನೂ ಮುಗಿದಿಲ್ಲ. ತಮ್ಮ ಕಚೇರಿಗೆ ಪಂಚಾಂಗ ಬರೆದುಕೊಡುವ ಶಾಸ್ತ್ರಿಗಳು ಯಾರು?

ಪ್ರದರ್ಶನಕ್ಕೆ ಪಾರವ್ವ ಇಳಕಲ್ ಸೀರೆ ಉಟ್ಟು ನನ್ನ ಜೊತೆ ಬಂದಿದ್ದರು. ಡ್ರಮ್ಮಿಗೆ ಹೊಸ ಹಸಿರು ಬಣ್ಣ, ಮೇಲೆ "ನಮ್ಮ ವಿಭಾಗದ ಮಾದರಿ" ಎಂಬ ಫಲಕ. ಒಳಗೆ? ಪ್ಲಾಸ್ಟಿಕ್ ಚಹಾ ಲೋಟ, ವಡಾಪಾವ್ ಕಟ್ಟಿದ ಕಾಗದ, ಗಣ್ಯರ ಕೊರಳಿಂದ ಇಳಿದ ಹಾರ. ಹಸಿ, ಒಣ ಎರಡೂ ಒಂದೇ ಪಂಕ್ತಿಯಲ್ಲಿ. ಪಾರವ್ವ ಸೆರಗು ಸಿಕ್ಕಿಸಿ ಲೋಟಗಳನ್ನು ಆರಿಸಿ ತೆಗೆಯತೊಡಗಿದರು.

"ಏ ಮೌಶಿ, ಮಾಡೆಲ್ ಕೋ ಹಾಥ್ ಮತ್ ಲಗಾವೋ!" ಮಾದರಿಯನ್ನು ಮುಟ್ಟಕೂಡದು ಎಂದು ಕಾವಲಿನವನು ಗದರಿದ.

ಪಾರವ್ವ ತಮ್ಮದೇ ಡ್ರಮ್ಮಿನಿಂದ ಕೈ ಹಿಂದೆಳೆದುಕೊಂಡದ್ದು ನೋಡಿ ನನಗೆ ಅಳು ಬಂತು, ಮಾನ್ಯರೇ. ಆಮೇಲೆ ಬಂದ ಸಿಟ್ಟು ಇನ್ನೂ ಹೋಗಿಲ್ಲ.

ಈಗ ತಮ್ಮ ನೋಟಿಸ್ ಬಂದಿದೆ. ನಮ್ಮಲ್ಲಿ ಗೊಬ್ಬರದ ಡ್ರಮ್ಮು ಇಲ್ಲವಂತೆ! ಆದ ಕಾರಣ ಒಂದನೇ ತಾರೀಖಿನಿಂದ ಹಸಿ ಕಸ ಎತ್ತುವುದಿಲ್ಲವಂತೆ. ಅತ್ತೆ ಒಡೆದ ಪಾತ್ರೆಗೆ ಬೆಲೆ ಇಲ್ಲ, ಒಪ್ಪಿದೆ. ಅತ್ತೆ ಹೊತ್ತೊಯ್ದ ಡ್ರಮ್ಮಿಗೆ ಸೊಸೆಗೆ ಶಿಕ್ಷೆಯೇ?

ಹುಡುಕುವ ಶ್ರಮ ತಮಗೆ ಬೇಡ. ಡ್ರಮ್ಮು ತಮ್ಮ ವರಾಂಡದಲ್ಲಿ, ತಮ್ಮ ಕೋಣೆಯ ಬಾಗಿಲ ಪಕ್ಕದಲ್ಲೇ ಇದೆ. ಜನ ಅದರೊಳಗೆ ಗುಟ್ಕಾ ಉಗಿಯುತ್ತಿದ್ದಾರೆ. ಒಂದನೇ ತಾರೀಖಿನೊಳಗೆ ಅದನ್ನು ತೊಳೆಸಿ, ಪಾರವ್ವನ ಮನೆಬಾಗಿಲಿಗೆ ಮುಟ್ಟಿಸಿ. ತಪ್ಪಿದರೆ, ಹಸಿ ಕಸ ಸ್ವಂತ ಡ್ರಮ್ಮಿಗೇ ಹೋಗತಕ್ಕದ್ದು ಎಂಬ ತಮ್ಮ ಅಪ್ಪಣೆಯನ್ನು ನಾವು ಶಿರಸಾವಹಿಸಿ ಪಾಲಿಸುತ್ತೇವೆ. ದಿನಾ ಬೆಳಿಗ್ಗೆ ಇಡೀ ಸೊಸೈಟಿಯ ಬಕೆಟ್ಟುಗಳೊಂದಿಗೆ ಶೇರ್ ರಿಕ್ಷಾ ಹತ್ತಿ ಅಲ್ಲಿಗೇ ಬರುತ್ತೇವೆ.

ಪಾರವ್ವ ಉಡಲೆಂದು ಇಳಕಲ್ ಸೀರೆ ಮತ್ತೆ ಹೊರತೆಗೆದಿಟ್ಟಿದ್ದಾರೆ. "ನಮ್ಮ ಡ್ರಮ್ಮಿಗೆ ನಾವು ಸಿಪ್ಪಿ ಹಾಕಾಕ ಯಾರ ಅಪ್ಪಣಿ ಬೇಕವಾ?" ಎನ್ನುತ್ತಿದ್ದಾರೆ.

ಇಂತಿ,
ಬಕೆಟ್ಟು ತೊಳೆದಿಟ್ಟು ಕಾಯುತ್ತಿರುವ
ವೇದಾವತಿ
ಸೊಸೈಟಿಯ ಗೌರವ ಕಾರ್ಯದರ್ಶಿ (ಗೌರವ ಕಾಗದದ ಮೇಲೆ ಮಾತ್ರ)